ಉಳುಕು ತೆಗೆಯುವ ಕಾಲು

ನಾನು ಹುಟ್ಟಿದ್ದು ಕಾಲು ಮುಂದಾಗಿ. ಮಳವಳ್ಳಿ ಕಡೆಯ ನನ್ನ ತವರಿನಲ್ಲಿ ಸೂಲಗಿತ್ತಿಯ ಕೈಗೆ ಮೊದಲು ಸಿಕ್ಕಿದ್ದು ನನ್ನ ಎಡಪಾದವಂತೆ. ಅವ್ವ ಸಾಯುವುದೊಂದು ಬಾಕಿಯಿತ್ತಂತೆ. ಇಷ್ಟು ಕಾಟ ಕೊಟ್ಟು ಭೂಮಿಗೆ ಬಂದವರಿಗೆ ನಮ್ಮ ಕಡೆ ಒಂದು ಕೆಲಸ ಗೊತ್ತು ಮಾಡಿಟ್ಟಿರುತ್ತಾರೆ. ಕಾಲು ಮುಂದಾಗಿ ಹುಟ್ಟಿದವರು ಎಡಗಾಲಿನಿಂದ ನೀವಿದರೆ ಉಳುಕು ಹೋಗುತ್ತದೆ ಎನ್ನುವುದು ನಂಬಿಕೆ. ನನಗೆ ಐದು ವರ್ಷ ತುಂಬುವ ಮೊದಲೇ ಊರಿನ ಗಂಡಸರು ಹೆಂಗಸರು ಬೆಳಿಗ್ಗೆ ಮುಖ ಕೂಡ ತೊಳೆಯದೆ ನಮ್ಮ ಜಗಲಿಗೆ ಬಂದು ಬೋರಲು ಮಲಗಲು ಶುರು ಮಾಡಿದ್ದರು. ನಾನು ಗೋಡೆ ಹಿಡಿದುಕೊಂಡು, ನೋವಿರುವ ಕಡೆ ಪಾದವಿಟ್ಟು, ಮೂರು ಸಲ ಕೆಳಮುಖವಾಗಿ ನೀವಬೇಕು. ಮಲಗಿದವರು ಎದ್ದು "ಓಯ್ತು ಕಣವ್ವ" ಎಂದು ಹೇಳಿ, ತಿರುಗಿ ನೋಡದೆ ನಡೆದುಬಿಡಬೇಕು. ಏನೂ ಕೊಡುವಂತಿಲ್ಲ, ಉಪಕಾರ ಸ್ಮರಿಸುವಂತಿಲ್ಲ. ಅಷ್ಟೇ ಶಾಸ್ತ್ರ.

ಮದುವೆಯಾಗಿ ಭಾರತೀನಗರದ ಹತ್ತಿರದ ಹಳ್ಳಿಗೆ ಬಂದಾಗ ಈ ಸುದ್ದಿ ನನಗಿಂತ ಮೊದಲೇ ಬಂದು ಕೂತಿತ್ತು. ಮದುವೆಯ ಮೂರನೇ ದಿನ, ಕೈಯ ಮೆಹಂದಿ ಇನ್ನೂ ಕೆಂಪಗಿರುವಾಗಲೇ, ಗಂಡನ ದೊಡ್ಡಪ್ಪ ಜಗಲಿಯ ಮೇಲೆ ಬೋರಲು ಬಿದ್ದಿದ್ದರು. ಹೊಸ ಸೊಸೆ ಹಿರಿಯರ ಬೆನ್ನು ತುಳಿಯುವುದನ್ನು ನೋಡಲು ಅರ್ಧ ಬೀದಿ ಸೇರಿತ್ತು. ನಾಚಿಕೆಯಿಂದ ಸತ್ತೆ ಅಂದುಕೊಂಡೆ. ಆದರೆ ಸತ್ಯ ಹೇಳಬೇಕೆಂದರೆ, ಒಳಗೊಳಗೇ ಹಿಗ್ಗಿದೆ.

ನಾನು ಓದಿದ್ದು ದೈಹಿಕ ಶಿಕ್ಷಣ. ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ. ಮೈಯಲ್ಲಿ ಎಷ್ಟು ಮೂಳೆ, ಯಾವ ಸ್ನಾಯು ಎಲ್ಲಿಂದ ಹೊರಟು ಎಲ್ಲಿಗೆ ಅಂಟಿಕೊಳ್ಳುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವಳು. ಬೆಳಿಗ್ಗೆ ಆರಕ್ಕೆ ಜಗಲಿಯ ಮೇಲೆ ಉಳುಕು ನೀವುತ್ತಿದ್ದೆ, ಹತ್ತಕ್ಕೆ ಶಾಲೆಯಲ್ಲಿ ಕಾಲು ಹೊರಳಿಸಿಕೊಂಡ ಮಕ್ಕಳಿಗೆ ಐಸ್ ಇಡಿಸಿ, ಎರಡು ವಾರ ಆಡಬೇಡಿ ಎನ್ನುತ್ತಿದ್ದೆ. ಎರಡೂ ಒಂದೇ ತಲೆಯಲ್ಲಿ ಹೇಗೋ ಹಿಡಿಸಿದ್ದವು. ಶಾಲೆಯಲ್ಲಿ ನನ್ನ ಪೀರಿಯಡ್ಡನ್ನು ಗಣಿತದವರೂ ಇಂಗ್ಲಿಷಿನವರೂ ಕೇಳದೆಯೇ ಕಿತ್ತುಕೊಳ್ಳುತ್ತಿದ್ದರು. ಜಗಲಿಯ ಮೇಲೆ ಹಾಗಲ್ಲ. ಅಲ್ಲಿ ಎಕರೆಗಟ್ಟಲೆ ಕಬ್ಬಿನ ಯಜಮಾನರೂ ನನ್ನ ಕಾಲ ಕೆಳಗೇ ಮಲಗಬೇಕಿತ್ತು.

ನನಗೆ ಒಬ್ಬಳೇ ಮಗಳು. ಗಂಡ ಬಸ್ಸಿನ ಕಂಡಕ್ಟರು, ವಾರಕ್ಕೆರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಹಾಗಾಗಿ ಮನೆಯೆಂದರೆ ನಾನು, ಮಗಳು, ನನ್ನ ಅತ್ತೆ. ಮಗಳು ಎಂಟನೇ ತರಗತಿಯಲ್ಲಿದ್ದಾಗ ಹೋಬಳಿ ಮಟ್ಟದ ಆಟೋಟದಲ್ಲಿ ಓಡಿದಳು. ಬರಿಗಾಲು, ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಳು. ಹತ್ತನೇ ತರಗತಿಯ ಹುಡುಗಿಯರನ್ನು ಹಿಂದೆ ಹಾಕಿ, ಗೆರೆ ದಾಟಿದ್ದೂ ಗೊತ್ತಾಗದೆ ಹುಣಸೆಮರದವರೆಗೂ ಓಡಿಹೋದಳು. ಆವತ್ತೇ ನನ್ನ ಬುದ್ಧಿ ಕೆಟ್ಟಿತು.

ನಾನೂ ಹುಡುಗಿಯಾಗಿದ್ದಾಗ ಓಡುತ್ತಿದ್ದೆ. ದೊಡ್ಡವಳಾದ ತಿಂಗಳೇ ಅವ್ವ ನನ್ನ ಓಟ ನಿಲ್ಲಿಸಿ, ಒಲೆಯ ಮುಂದೆ ಕೂರಿಸಿದಳು. ಕೂತವಳು ಕೂತೇ ಬಿಟ್ಟೆ, ಮೈ ಬಂತು. ಮೈದಾನದಲ್ಲಿ ನಾನು ಸೀಟಿ ಊದುತ್ತಾ ನಾಲ್ಕು ಹೆಜ್ಜೆ ಓಡಿದರೆ ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಮಗಳಿಗೆ ಈ ಗತಿ ಬರಬಾರದು ಅಂತ ನಿಶ್ಚಯಿಸಿದೆ. ಮಂಡ್ಯದ ಜಿಲ್ಲಾ ಕ್ರೀಡಾಂಗಣದಲ್ಲಿ ದೂರದ ಓಟದಲ್ಲಿ ಮುಂದೆ ಬರುವ ಹುಡುಗಿಯರನ್ನು ವರ್ಷಗಟ್ಟಲೆ ನೋಡಿದ್ದೆ. ಎಲ್ಲರೂ ತೆಳ್ಳಗಿದ್ದರು. ಅವರು ಮನೆಯಲ್ಲಿ ಏನು ತಿನ್ನುತ್ತಾರೆ ಎಂದು ನಾನು ನೋಡಿರಲಿಲ್ಲ, ಕೇಳಿಯೂ ಇರಲಿಲ್ಲ. ತೆಳ್ಳಗಾದರೆ ಗೆಲ್ಲಬಹುದು ಅಂತ ನಾನೇ ತೀರ್ಮಾನ ಮಾಡಿಕೊಂಡೆ.

ಬೆಳಿಗ್ಗೆ ಐದಕ್ಕೇ ನಾಲೆ ಏರಿಯ ಮೇಲೆ ಓಟ. ದೊಡ್ಡ ರಸ್ತೆಯಲ್ಲಿ ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳ ಸಾಲು, ಅಲ್ಲಿ ಓಡುವ ಹಾಗಿಲ್ಲ. ಅವಳು ಮುಂದೆ, ನಾನು ಹಿಂದೆ ಸ್ಕೂಟಿಯ ಮೇಲೆ. ಮನೆಗೆ ಬಂದರೆ ಎರಡು ಒಣ ಚಪಾತಿ, ಸೌತೆಕಾಯಿ. ಮುದ್ದೆ ನಿಲ್ಲಿಸಿದೆ. ತುಪ್ಪ ನಿಲ್ಲಿಸಿದೆ. ಕೊಟ್ಟಿಗೆಯಲ್ಲಿ ಎರಡು ಹಸು ಕಟ್ಟಿಕೊಂಡು, ಬೆಳೆಯುವ ಹುಡುಗಿಗೆ ಹಾಲನ್ನೂ ನಿಲ್ಲಿಸಿದೆ.

ಭಾನುವಾರ ತೂಕ. ಊರಾಚೆಯ ಆಲೆಮನೆಯಲ್ಲಿ ಬೆಲ್ಲದ ಮೂಟೆ ತೂಗುವ ದೊಡ್ಡ ತಕ್ಕಡಿಯಿತ್ತು, ಅದರ ಮೇಲೆ ಅವಳನ್ನು ನಿಲ್ಲಿಸುತ್ತಿದ್ದೆ. ಅರ್ಧ ಕೆ.ಜಿ. ಇಳಿದಿದ್ದರೆ ವಾರವೆಲ್ಲ ನನ್ನ ಮುಖ ಅರಳಿರುತ್ತಿತ್ತು, ಏರಿದ್ದರೆ ಮಾತು ಕಡಿಮೆ. ಅವಳಿಗೂ ಅದು ಗೊತ್ತಿತ್ತು. ತಕ್ಕಡಿಯ ಮೇಲೆ ನಿಂತು ಮುಳ್ಳು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಆಲೆಮನೆಯವರು ಅವಳಿಗೆಂದು ಬಿಸಿ ಬೆಲ್ಲದ ಉಂಡೆಯನ್ನು ಕಬ್ಬಿನ ಗರಿಯ ಮೇಲಿಟ್ಟು ಕೊಡುತ್ತಿದ್ದರು. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಅದಕ್ಕೆ ಆ ಬೆಲ್ಲವನ್ನು ನಾನೇ ಇಸಿದುಕೊಂಡು, ಅವಳ ಎದುರಿಗೇ ಬಾಯಿಗೆ ಹಾಕಿಕೊಳ್ಳುತ್ತಿದ್ದೆ.

ಅತ್ತೆಗೆ ಇದ್ಯಾವುದೂ ಸರಿಬರಲಿಲ್ಲ. ಎಪ್ಪತ್ತು ದಾಟಿದ ಹೆಂಗಸು. ಹರೆಯದಲ್ಲಿ ಗದ್ದೆಯಿಂದ ರಸ್ತೆಯವರೆಗೆ ಕಬ್ಬಿನ ಹೊರೆ ಹೊತ್ತವರು. ಈಗಲೂ ಹಿತ್ತಲ ತೊಟ್ಟಿಯಿಂದ ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು ಬರುತ್ತಾರೆ. ಬಚ್ಚಲಲ್ಲಿ ಜಾರಿ ದೊಪ್ಪನೆ ಬಿದ್ದು, ನೆಲಕ್ಕೆ ಬೈದು ಎದ್ದುಬಂದದ್ದನ್ನು ನಾನು ಎರಡು ಸಲ ನೋಡಿದ್ದೇನೆ. ಒಂದು ದಿನ ಮಗಳ ಸ್ಕೂಲ್ ಬ್ಯಾಗಿನಲ್ಲಿ ಪುಸ್ತಕಗಳ ಅಡಿಯಲ್ಲಿ ಒಂದು ಸ್ಟೀಲಿನ ಡಬ್ಬಿ ಸಿಕ್ಕಿತು. ತೆರೆದರೆ ಒಳಗೆ ರಾಗಿಮುದ್ದೆ, ಜೊತೆಗೆ ಸೊಪ್ಪಿನ ಸಾರು. ನಾನು ಅದನ್ನು ಎತ್ತಿಕೊಂಡು ಹೋಗಿ ಹಸುವಿನ ಕಲಗಚ್ಚಿನ ಬಾನಿಗೆ ಸುರಿದೆ.

"ಬೆಳೆಯೋ ಮಗ ಕಣವ್ವ ಅದು," ಅತ್ತೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಅಂದರು. "ರಾಗಿ ಇಟ್ಟುಣ್ದೆ ಮೂಳೆಗೆ ಎಲ್ಲಿಂದ ಬತ್ತದೆ ಸಕ್ತಿ? ಇಂಗೆ ಒಣಗಿಸ್ಬ್ಯಾಡ."

"ಇವೆಲ್ಲ ನಿಮಗೇನ್ ಗೊತ್ತತ್ತೆ, ಸುಮ್ನಿರಿ. ಇದನ್ನ ಓದಿರೋಳು ನಾನು," ಅಂದೆ.

"ಓದಿದ್ರೆ ಕಣ್ಣು ಕಾಣಾಕಿಲ್ವಾ?" ಎಂದು ಕೇಳಿ ಅತ್ತೆ ಒಳಗೆ ಹೋದರು. ಆಮೇಲೆ ಒಂದು ತಿಂಗಳು ನಾವಿಬ್ಬರೂ ಮಾತಾಡಲಿಲ್ಲ.

ಮಗಳು ಗೆದ್ದಳು, ಅದೇ ದೊಡ್ಡ ಅನಾಹುತ. ಮದ್ದೂರಿನಲ್ಲಿ ತಾಲ್ಲೂಕು ಮಟ್ಟದಲ್ಲಿ ಮೊದಲ ಬಹುಮಾನ, ಮಂಡ್ಯದಲ್ಲಿ ಎರಡನೆಯದು. ಸೋತಿದ್ದರೆ ನಾನು ಎಲ್ಲೋ ಒಂದು ಕಡೆ ನಿಲ್ಲುತ್ತಿದ್ದೆನೋ ಏನೋ. ಕೆನ್ನೆ ಒಳಗೆ ಹೋಯಿತು, ಕೊರಳ ಮೂಳೆ ಎದ್ದು ಕಂಡಿತು, ಬಾಚಣಿಗೆ ತುಂಬ ಕೂದಲು ಬರತೊಡಗಿತು. ಬಸ್ ಸ್ಟ್ಯಾಂಡಿನಲ್ಲಿ ಯಾರೋ "ಏನ್ ಮೇಡಮ್ಮೋರೆ, ಮಗೀಗೆ ಅನ್ನ ಇಕ್ಕಾಕಿಲ್ವಾ?" ಎಂದು ಕಿಚಾಯಿಸಿದರೆ, ಅದನ್ನೂ ಹೊಗಳಿಕೆಯೆಂದೇ ತೆಗೆದುಕೊಂಡು ನಕ್ಕೆ. ಮೊದಲ ಪಿಯುಸಿಯಲ್ಲಿ ಅವಳ ಮುಟ್ಟು ನಿಂತಿತು. ಒಂದು ತಿಂಗಳಲ್ಲ, ಎರಡಲ್ಲ, ಏಳು ತಿಂಗಳು. ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಪಿಸುಮಾತಿನಲ್ಲಿ ಹೇಳಿದರು. ನನಗೆ ಗೊತ್ತಿಲ್ಲದ್ದೇನಲ್ಲ. ಪ್ರಾಕ್ಟೀಸಿಗೆ ಅಡ್ಡಿಯಾಗುವುದಿಲ್ಲ, ಒಳ್ಳೆಯದೇ ಆಯಿತು ಅಂದುಕೊಂಡಿದ್ದೆ. ಇದನ್ನು ಬರೆಯುವಾಗ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಮಂಡ್ಯದಲ್ಲಿ ರಾಜ್ಯ ಮಟ್ಟಕ್ಕೆ ಆಯ್ಕೆ ಮಾಡುವ ಓಟಕ್ಕೆ ಹನ್ನೆರಡು ದಿನ ಇರುವಾಗ ಅವಳು ನಾಲೆ ಏರಿಯ ಮೇಲೆ ಓಟ ನಿಲ್ಲಿಸಿ, ತೊಡೆಸಂದಿಯನ್ನು ಹಿಡಿದುಕೊಂಡಳು.

"ಇಲ್ಲಿ ಒಳಗೆ ಎಲ್ಲೋ ನೋಯುತ್ತಮ್ಮ. ಹೋದ ವಾರದಿಂದ."

ನನ್ನ ಶಾಲೆಯ ಯಾವುದೇ ಮಗು ಹೀಗೆ ಹೇಳಿದ್ದರೆ ಮದ್ದೂರಿಗೆ ಎಕ್ಸ್‌ರೇಗೆ ಕಳಿಸುತ್ತಿದ್ದೆ, ಆಣೆ ಮಾಡಿ ಹೇಳಬಲ್ಲೆ. ನನ್ನ ಮಗಳಿಗೆ ನಾನು ಹೇಳಿದ್ದು "ಉಳುಕಿರಬೇಕು, ನಾಳೆ ಬೆಳಿಗ್ಗೆ ಮಲಗು" ಎಂದು. ಎಕ್ಸ್‌ರೇ ತೆಗೆದರೆ ಡಾಕ್ಟರು ಏನಾದರೂ ಹೇಳುತ್ತಾರೆ, ಹೇಳಿದರೆ ಓಟ ತಪ್ಪುತ್ತದೆ. ನನ್ನ ಕಾಲು ಹಾಗೇನೂ ಹೇಳುವುದಿಲ್ಲ.

ಮರುದಿನ ಅವಳು ಜಗಲಿಯ ಮೇಲೆ ಬೋರಲು ಮಲಗಿದಳು. ಚಿಕ್ಕಂದಿನಿಂದ ಅವಳು ಅಲ್ಲಿ ಊರವರೆಲ್ಲ ಮಲಗುವುದನ್ನು ನೋಡಿದ್ದಳು, ತಾನೇ ಮಲಗಿದ್ದು ಅದೇ ಮೊದಲು. ನಾನು ಗೋಡೆ ಹಿಡಿದು ಅವಳ ಸೊಂಟದ ಕೆಳಗೆ ಪಾದವಿಟ್ಟೆ. ನನ್ನ ಪಾದದ ಕೆಳಗೆ ಸಿಕ್ಕಿದ್ದು ಮೂಳೆ, ಮಾಂಸವೇ ಇರಲಿಲ್ಲ. ಗೊತ್ತಾಯಿತು. ಗೊತ್ತಾದರೂ ನೀವಿದೆ. ಮೂರನೆಯ ಸಲ ಅವಳ ಬೆರಳುಗಳು ಜಗಲಿಯ ಅಂಚನ್ನು ಗಟ್ಟಿಯಾಗಿ ಹಿಡಿದವು. ಆಮೇಲೆ ಎದ್ದು, ಲಂಗ ಕೊಡವಿಕೊಂಡು, ಥೇಟ್ ಊರ ಗೌಡರ ಧಾಟಿಯಲ್ಲಿ, "ಓಯ್ತು ಕಣವ್ವ" ಅಂದಳು. ಇಬ್ಬರೂ ನಕ್ಕೆವು. ತಿರುಗಿ ನೋಡದೆ ಬಚ್ಚಲ ಕಡೆ ಹೋದಳು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಆವತ್ತು ಅವಳಿಗೆ ಒಂದು ಲೋಟ ಹಾಲು ಕೊಟ್ಟೆ.

ಆ ಹನ್ನೆರಡು ದಿನಗಳಲ್ಲಿ ನಾಲ್ಕು ಸಲ ನೀವಿದೆ. ನಾಲ್ಕು ಸಲವೂ ಅವಳು "ಓಯ್ತು" ಅಂದಳು. ಕೊನೆಯ ದಿನ ಅತ್ತೆ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದರು. ನನ್ನ ಕಾಲಿನ ಮಹಿಮೆಯನ್ನು ಊರೆಲ್ಲ ಸಾರಿಕೊಂಡು ಬಂದವರೇ ಅವರು.

"ಆಸ್ಪತ್ರೆಗ್ ಕರ್ಕೊಂಡೋಗವ್ವ," ಅಂದರು. "ಇದು ಕಾಲಲ್ ಓಗೋ ನೋವಲ್ಲ."

ಕೇಳಿಸದವಳ ಹಾಗೆ ಶೂಗಳ ಚೀಲ ತುಂಬಿಕೊಂಡೆ.

ಓಟದ ದಿನ ಮಂಡ್ಯದ ಮೈದಾನದಲ್ಲಿ ಮೂರನೇ ಸುತ್ತಿನವರೆಗೂ ಅವಳು ಮುಂದಿದ್ದಳು. ತಿರುವಿನಲ್ಲಿ ಬಿದ್ದಳು. ಯಾರೂ ತಾಗಿರಲಿಲ್ಲ, ಎಡವಲು ಏನೂ ಇರಲಿಲ್ಲ. ಬಿದ್ದವಳ ಬಲಗಾಲು ಹೊರಮುಖವಾಗಿ ತಿರುಗಿಕೊಂಡಿತ್ತು. ನಾನು ಕಂಬಿಯ ಆಚೆಯಿಂದ ಕೂಗಿದೆ, "ಏಳು! ಎದ್ದು ಓಡು! ಏಳೇ!" ಎಂದು. ಎಷ್ಟು ಸಲ ಕೂಗಿದೆನೋ ಗೊತ್ತಿಲ್ಲ. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸೊಬ್ಬಳು ನನ್ನ ರಟ್ಟೆ ಹಿಡಿದು, "ಸುಮ್ನಿರಮ್ಮ, ಆ ಮಗೀನ್ ಕಾಲ್ ನೋಡು" ಅಂದಾಗಲೇ ನನ್ನ ಬಾಯಿ ಮುಚ್ಚಿದ್ದು.

ತೊಡೆಮೂಳೆಯ ಕುತ್ತಿಗೆ, ಅಂದರೆ ಸೊಂಟದ ಕೀಲಿಗೆ ಸೇರುವ ಜಾಗ, ಮುರಿದಿತ್ತು. ಅದೇ ಸಂಜೆ ಮೈಸೂರಿಗೆ ಒಯ್ದರು, ಆಪರೇಷನ್ ಮಾಡಿ ಮೂರು ಸ್ಕ್ರೂ ಹಾಕಿದರು. ಕೆಲವು ದಿನಗಳ ನಂತರ ಮೈಯನ್ನೆಲ್ಲ ಅಳೆಯುವ ಒಂದು ಸ್ಕ್ಯಾನ್ ಮಾಡಿಸಿದರು. ಮೂಳೆ ಎಷ್ಟು ಗಟ್ಟಿ, ಮಾಂಸಖಂಡ ಎಷ್ಟು, ಕೊಬ್ಬು ಎಷ್ಟು ಎಂದು ಅದು ಬೇರೆ ಬೇರೆಯಾಗಿ ತೋರಿಸುತ್ತದಂತೆ. ಡಾಕ್ಟರು ಸುಮಾರು ನನ್ನ ವಯಸ್ಸಿನ ಹೆಂಗಸು. ಮಗಳ ಮಂಚದ ಪಕ್ಕದಲ್ಲೇ ನಿಂತು ಕಾಗದ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಬಿದ್ದಿದ್ರಿಂದ ಮೂಳೆ ಮುರಿದಿದ್ದಲ್ಲ ಇದು. ಮೂಳೆ ಮುರೀತು, ಅದಕ್ಕೆ ಬಿದ್ದಳು. ಒಳಗೆ ಮೊದಲೇ ಬಿರುಕು ಬಿಟ್ಟಿತ್ತು. ನೋವು ಅಂತ ಹೇಳಿರಲಿಲ್ವಾ?"

ನಾನು ಮಗಳ ಹೊದಿಕೆಯ ಅಂಚು ಸರಿಮಾಡಿದೆ.

"ತಿಂಗಳು ಸರಿಯಾಗಿ ಆಗ್ತಿದ್ಲಾ?"

ಹೊದಿಕೆಯ ಇನ್ನೊಂದು ಅಂಚು ಸರಿಮಾಡಿದೆ. ಅವರಿಗೆ ಅಷ್ಟರಲ್ಲಿ ಎಲ್ಲ ಅರ್ಥವಾಗಿತ್ತು. ಮೂಳೆ ಕಟ್ಟುವುದು ಈ ವಯಸ್ಸಿನಲ್ಲಿಯೇ ಎಂದು ನಿಧಾನವಾಗಿ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಮೈಯಲ್ಲಿ ಮಾಂಸಖಂಡವಿದ್ದರೆ ಅದು ಎಳೆದೆಳೆದು ಮೂಳೆಯನ್ನು ಗಟ್ಟಿ ಮಾಡುತ್ತದೆ. ಓಡುವುದು, ಜಿಗಿಯುವುದು, ಭಾರ ಹೊರುವುದು ಎಲ್ಲ ಮೂಳೆಗೆ ಒಳ್ಳೆಯದೇ, ಆದರೆ ಮಾಡಿದ ಕೆಲಸಕ್ಕೆ ತಕ್ಕ ಊಟ ಬೀಳಬೇಕು. ಹುಡುಗಿಯ ಮೈಯಲ್ಲಿ ಒಂದಿಷ್ಟು ಕೊಬ್ಬೂ ಇರಬೇಕು. ಊಟ ಸಾಲದೆ ಮುಟ್ಟು ನಿಂತರೆ ಮೂಳೆ ಕಟ್ಟುವ ಕೆಲಸವೂ ನಿಂತ ಹಾಗೆ. ಇಪ್ಪತ್ತರ ಆಸುಪಾಸಿನವರೆಗೆ ಕಟ್ಟಿಕೊಂಡಿದ್ದನ್ನೇ ಮುಂದೆ ಬದುಕಿಡೀ ಸವೆಸಬೇಕು. ಓಟಕ್ಕೇ ಊಟ ಸಾಲದೆ, ಇವಳ ಮೈ ಉಳಿದ ಕೆಲಸಗಳನ್ನೆಲ್ಲ ಒಂದೊಂದಾಗಿ ನಿಲ್ಲಿಸುತ್ತಾ ಬಂದಿದೆ ಅಂದರು. ಇದರಲ್ಲಿ ಎಷ್ಟೋ ನಾನು ಕಾಲೇಜಿನಲ್ಲಿ ಓದಿದ್ದೇ. ಅತ್ತೆ ಓದದೆಯೇ ಹೇಳಿದ್ದು.

"ನೀವೇನು ಕೆಲಸ ಮಾಡ್ತೀರಿ?" ಎಂದು ಡಾಕ್ಟರು ಕೇಳಿದರು.

"ಟೀಚರ್."

"ಯಾವ ಸಬ್ಜೆಕ್ಟ್?"

"ಕನ್ನಡ," ಅಂದೆ.

ಮಗಳು ದಿಂಬಿನ ಮೇಲೆ ಕಣ್ಣು ಮುಚ್ಚಿಕೊಂಡು ಮಲಗಿದ್ದಳು. ನಿದ್ದೆ ಬಂದಿರಲಿಲ್ಲ. ನಾನು ಹೇಳಿದ ಸುಳ್ಳು ಅವಳಿಗೆ ಕೇಳಿಸಿತು.

ಮೂಳೆ ಕೂಡಿತು, ಆದರೆ ಸರಿಯಾಗಿ ಕೂಡಲಿಲ್ಲ. ತೊಡೆಮೂಳೆಯ ತುದಿಯ ಗುಂಡು ಭಾಗಕ್ಕೆ ರಕ್ತ ಹರಿಯುವುದು ಕಡಿಮೆಯಾಗಿ, ಅದು ಒಂದು ಕಡೆ ಕುಸಿದಿದೆ. ಬಲಗಾಲು ಸ್ವಲ್ಪ ಗಿಡ್ಡವಾಗಿದೆ. ಮುಂದೆ ಯಾವತ್ತಾದರೂ ಕೀಲು ಬದಲಿಸಬೇಕಾಗಬಹುದು ಎನ್ನುತ್ತಾರೆ. ಅವಳಿಗಿನ್ನೂ ಇಪ್ಪತ್ತು ತುಂಬಿಲ್ಲ. ಭಾರತೀನಗರದ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ಬಸ್ಸಿನ ಮೆಟ್ಟಿಲು ಹತ್ತುವಾಗ ಮೊದಲು ಎಡಗಾಲಿಟ್ಟು, ಕಂಬಿ ಹಿಡಿದು, ಬಲಗಾಲನ್ನು ಎಳೆದುಕೊಳ್ಳುತ್ತಾಳೆ. ಈಗ ಅಜ್ಜಿಯ ಜೊತೆ ಕೂತು ಮುದ್ದೆ ಉಣ್ಣುತ್ತಾಳೆ. ಮುಟ್ಟೂ ಸರಿಹೋಗಿದೆ. ಆದರೆ ತಟ್ಟೆಗೆ ಕೈ ಹಾಕುವ ಮೊದಲು ಒಂದು ಕ್ಷಣ ನನ್ನ ಮುಖ ನೋಡುತ್ತಾಳೆ, ಆ ಅಭ್ಯಾಸ ಮಾತ್ರ ಹೋಗಿಲ್ಲ. ಅದಕ್ಕೆ ಅವಳು ಊಟಕ್ಕೆ ಕೂತರೆ ನಾನು ಹಿತ್ತಲಿಗೆ ಹೋಗುತ್ತೇನೆ.

ಹೋದ ವರ್ಷ ಒಂದು ಸಂಜೆ ಅವಳ ಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ, ಕೈಯಲ್ಲಿ. ಎಷ್ಟೋ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿಯೇಬಿಟ್ಟೆ.

"ನೋವು ಹೋಗಿಲ್ಲ ಅಂತ ನಂಗ್ಯಾಕೆ ಹೇಳ್ಲಿಲ್ಲ ನೀನು? ನಾಲ್ಕು ಸಲವೂ ಹೋಯ್ತು ಅಂದ್ಯಲ್ಲ."

ಸಿಟ್ಟಿನಿಂದ ಹೇಳಲಿಲ್ಲ ಅವಳು. ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ನಿನ್ ಕಾಲ್ ಕೆಳಗೆ ಮಲಗೆದ್ದೋರು ಯಾರಾದ್ರೂ ಹೋಗ್ಲಿಲ್ಲ ಅಂದಿದ್ದು ಕೇಳಿದ್ದೀಯಾಮ್ಮ? ನಾನು ಹುಟ್ದಾಗ್ನಿಂದ ನೋಡಿದ್ದೀನಿ. ಎಲ್ರೂ ಓಯ್ತು ಅಂತಾರೆ, ಎದ್ದು ಹೋಗ್ತಾರೆ. ಅದನ್ನೇ ಹೇಳ್ಬೇಕು ಅಂದ್ಕೊಂಡಿದ್ದೆ." ಲಂಗವನ್ನು ಕಾಲ ಮೇಲೆ ಎಳೆದುಕೊಂಡು ಸೇರಿಸಿದಳು, "ನೀನೂ ಅದನ್ನೇ ಕಾಯ್ತಾ ಇದ್ದೆ."

ಆ ವಾರವೇ ಪಕ್ಕದ ಬೀದಿಯ ಒಬ್ಬ ರೈತರನ್ನು ಹಾಲಿನ ಡೈರಿಯ ಮುಂದೆ ತಡೆದು ನಿಲ್ಲಿಸಿದೆ. ವರ್ಷಕ್ಕೆ ಐದಾರು ಸಲ ನನ್ನ ಜಗಲಿಗೆ ಬರುತ್ತಿದ್ದವರು. ನಿಜ ಹೇಳಿ, ಒಂದು ಸಲವಾದರೂ ನೋವು ಹೋಗಿತ್ತಾ ಎಂದು ಕೇಳಿದೆ. ಅವರು ಹಾಲಿನ ಕ್ಯಾನು ಕೆಳಗಿಟ್ಟು ತಲೆ ಕೆರೆದುಕೊಂಡರು.

"ಒಂದೊಂದ್ ಕಿತ ಓಗಿರೋದು, ಒಂದೊಂದ್ ಕಿತ ಇಲ್ಲ ಕಣವ್ವ. ನೀವು ಅಷ್ಟೊತ್ನಲ್ಲೆದ್ದು ನೀವಿದ್ ಮ್ಯಾಲೆ ಓಗ್ನಿಲ್ಲ ಅನ್ನಕಾದದಾ?"

ನನಗೆ ಬೇಸರವಾಗಬಾರದು ಎಂದು ಇಡೀ ಊರು ಇಷ್ಟು ವರ್ಷ ಎದ್ದು ನಡೆದುಹೋಗಿತ್ತು. ಕುಂಟುತ್ತಾ ಹೋಗುತ್ತಿದ್ದರೋ ಏನೋ, ನಾನು ಯಾರ ಬೆನ್ನನ್ನೂ ತಿರುವಿನವರೆಗೆ ನೋಡಿದವಳಲ್ಲ. ಆವತ್ತಿನಿಂದ ಯಾರಿಗೂ ನೀವುವುದಿಲ್ಲ. ಬಂದವರಿಗೆ ಆಸ್ಪತ್ರೆಗೆ ಹೋಗಿ ಎನ್ನುತ್ತೇನೆ. ನೌಕರಿಯ ಕೊಬ್ಬು ಬಂದಿದೆ ಇವಳಿಗೆ ಎಂದು ಬೈದುಕೊಂಡು ಹೋಗುತ್ತಾರೆ. ಬೈಯಲಿ. ಶಾಲೆಯಲ್ಲಿ ಯಾವ ಹುಡುಗಿಯನ್ನೂ ತಕ್ಕಡಿಯ ಮೇಲೆ ನಿಲ್ಲಿಸುವುದಿಲ್ಲ. ಬಿಸಿಯೂಟದಲ್ಲಿ ಅನ್ನ ಚೆಲ್ಲುವ ತೆಳ್ಳನೆಯ ಹುಡುಗಿಯರನ್ನು ಕಂಡರೆ ಗದರುತ್ತೇನೆ. ಗದರುವಷ್ಟೂ ಅವರು ಹೆದರಿ, "ತಿಂದೆ ಮಿಸ್" ಎನ್ನುತ್ತಾರೆ. ನಿಜವಾಗಿಯೂ ತಿಂದರಾ ಎಂದು ನನಗೆ ಗೊತ್ತಾಗುವುದಿಲ್ಲ.

ಈಗ ಸಂಜೆ ಐದೂವರೆಯ ಬಸ್ಸಿಗೆ ಮಗಳು ಕಾಲೇಜಿನಿಂದ ಬರುತ್ತಾಳೆ. ನಾನು ಜಗಲಿಯ ಮೇಲೆ ಕೂತು ಕಾಯುತ್ತೇನೆ. ಫ್ಯಾಕ್ಟರಿಯ ಕಡೆಯಿಂದ ಕಬ್ಬಿನ ಕಾಕಂಬಿಯ ವಾಸನೆ ಬರುತ್ತಿರುತ್ತದೆ. ನಾಲೆಯ ಮೋರಿಯಿಂದ ನಮ್ಮ ಮನೆಯವರೆಗೆ ಅವಳು ನಡೆದು ಬರುವುದನ್ನು ಪೂರ್ತಿ ನೋಡುತ್ತೇನೆ, ಒಂದು ಹೆಜ್ಜೆಯನ್ನೂ ಬಿಡುವುದಿಲ್ಲ. ಕೆಲವು ದಿನ ಕುಂಟು ಕಡಿಮೆ, ಕೆಲವು ದಿನ ಜಾಸ್ತಿ. ನಿನ್ನೆ ತುಂಬ ಜಾಸ್ತಿಯಿತ್ತು. ಎರಡು ಕಡೆ ನಿಂತು ನಿಂತು ಬಂದಳು.

"ನೋಯ್ತಾ ಇದೆಯಾ?" ಅಂದೆ.

ಚಪ್ಪಲಿ ಬಿಡುತ್ತಾ ನನ್ನ ಮುಖ ನೋಡಿದಳು.

"ಇಲ್ಲಮ್ಮ. ಬೆಳಿಗ್ಗೆ ಸ್ವಲ್ಪ ಇತ್ತು. ಹೋಯ್ತು," ಅಂದಳು. ತಿರುಗಿ ನೋಡದೆ ಒಳಗೆ ಹೋದಳು.